ದೊಡ್ಡ ಜೋಡಿ ಕೈಯಲ್ಲಿದ್ದಾಗ: ಮುಂದುವರಿಯಬೇಕೇ, ಎಲೆ ಕೆಳಗಿಡಬೇಕೇ?

ಪೋಕರ್‌ನಲ್ಲಿ ಎಕ್ಕದ ಜೋಡಿಯೋ ರಾಜನ ಜೋಡಿಯೋ ಕೈಗೆ ಬಂದಾಗ ಮೊದಲ ರೇಸ್ ಮಾಡುವುದು, ಅಂದರೆ ಪಣ ಏರಿಸುವುದು, ಯಾರಿಗೂ ಕಷ್ಟವಲ್ಲ. ಫ್ಲಾಪ್ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆಗಳು) ಬಿದ್ದು, ನಾವು ಬೆಟ್ ಮಾಡಿ, ಅದುವರೆಗೆ ಸುಮ್ಮನೆ ಕಾಲ್ ಮಾಡುತ್ತಿದ್ದ (ನಮ್ಮಷ್ಟೇ ಹಣ ಇಡುತ್ತಿದ್ದ) ಎದುರಾಳಿ ಒಮ್ಮೆಲೇ ಚಿಪ್ಸ್‌ನ ದೊಡ್ಡ ರಾಶಿಯನ್ನು ಮುಂದೆ ತಳ್ಳಿದ ಮೇಲೆ ಮಾಡಬೇಕಾದ ತೀರ್ಮಾನವೇ ಕಷ್ಟದ್ದು. ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆ ಕೊಟ್ಟು, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯುವ, ಪಣಕ್ಕೆ ಮಿತಿಯಿಲ್ಲದ ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಆಡುವವರಲ್ಲಿ ಹಲವರು ವರ್ಷಗಳ ಅಭ್ಯಾಸದ ನಂತರವೂ ಈ ತೀರ್ಮಾನವನ್ನು ಲೆಕ್ಕದಿಂದಲ್ಲ, ಆ ಎರಡು ಎಲೆಗಳ ಮೇಲಿನ ಮಮತೆಯಿಂದಲೇ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ನಾನು ಅದನ್ನು ಹೇಗೆ ತೆಗೆದುಕೊಳ್ಳುತ್ತೇನೆ, ಯಾವ ಲೆಕ್ಕವನ್ನು ಯಾವ ಹಂತದಲ್ಲಿ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮಮತೆಗೆ ಕಾರಣವಿದೆ. ಎಕ್ಕದ ಜೋಡಿ ಸರಾಸರಿ 221 ಕೈಗಳಿಗೆ ಒಮ್ಮೆ ಬರುತ್ತದೆ, ರಾಜನ ಜೋಡಿಯೂ ಅಷ್ಟೇ. ಡೀಲರ್ ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು 30 ಕೈಗಳು ಆಡಲ್ಪಡುತ್ತವೆ ಎಂದುಕೊಂಡರೆ, ಒಂದು ಎಕ್ಕದ ಜೋಡಿಯಿಂದ ಇನ್ನೊಂದಕ್ಕೆ ಸರಾಸರಿ ಏಳು ಗಂಟೆಗೂ ಹೆಚ್ಚು ಕಾಯಬೇಕು. ಅಷ್ಟು ಹೊತ್ತು 9–4, 7–2ಗಳನ್ನು ಕೆಳಗಿಡುತ್ತಾ ಕುಳಿತವನಿಗೆ ಈ ಜೋಡಿ ತನಗೆ ಸಲ್ಲಬೇಕಾದ ಪಾವತಿಯಂತೆ ಕಾಣಿಸುತ್ತದೆ. ಆದರೆ ಮೇಜಿನ ಮೇಲೆ ಮೂರು ಎಲೆಗಳು ತೆರೆದುಕೊಂಡ ಕ್ಷಣದಿಂದ ಅದು ಒಂದು ಜೋಡಿ ಮಾತ್ರ. ಎರಡು ಜೋಡಿ, ಮೂರು ಒಂದೇ ಎಲೆ, ಸ್ಟ್ರೇಟ್ (ಅನುಕ್ರಮದ ಐದು ಎಲೆ), ಫ್ಲಷ್ (ಒಂದೇ ಬಣ್ಣದ, ಅಂದರೆ ಎಲ್ಲವೂ ಇಸ್ಪೇಟ್ ಅಥವಾ ಎಲ್ಲವೂ ಆಟೀನ್ ಎಂಬಂಥ ಐದು ಎಲೆ) ಇವೆಲ್ಲ ಅದಕ್ಕಿಂತ ಮೇಲಿನವು. ಅಲ್ಲಿಂದ ಅದು ಸುಧಾರಿಸುವ ಸಾಧ್ಯತೆಯೂ ಕಡಿಮೆ. ಫ್ಲಾಪ್‌ನಲ್ಲಿ ಮೂರನೆಯ ಎಲೆ ಸಿಗದಿದ್ದರೆ, ಮುಂದಿನ ಎರಡು ಎಲೆಗಳಲ್ಲಿ ಅದು ಸಿಗುವ ಸಾಧ್ಯತೆ ಶೇ 8.4 ಮಾತ್ರ.

ನಾನು ಬೆಂಗಳೂರಿನವನು. ಈ ಲೆಕ್ಕಗಳನ್ನು ಕಲಿತದ್ದು ಬಹುಪಾಲು ಆನ್‌ಲೈನ್ ಆಟದಲ್ಲಿ. ಅಲ್ಲಿ ಆಡಿದ ಪ್ರತಿಯೊಂದು ಕೈಯ ದಾಖಲೆ ಉಳಿಯುತ್ತಿದ್ದುದರಿಂದ, ರಾತ್ರಿ ಆಡಿದ್ದನ್ನು ಬೆಳಿಗ್ಗೆ ಕುಳಿತು ಬಿಡಿಸಿ ನೋಡಲು ಸಾಧ್ಯವಿತ್ತು. 2025ರ ಆಗಸ್ಟ್‌ನಲ್ಲಿ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ನೀಡಿದ ಮೇಲೆ ಆ ಅಧ್ಯಾಯ ಮುಗಿಯಿತು. ಈಗ ಆಡುವುದು ಗೋವಾಕ್ಕೆ ಹೋದಾಗ, ಮಾಂಡೋವಿ ನದಿಯ ಮೇಲಿನ ಕ್ಯಾಸಿನೊಗಳ ಪೋಕರ್ ಮೇಜುಗಳಲ್ಲಿ ಮಾತ್ರ. ಅಲ್ಲಿ ದಾಖಲೆಯನ್ನು ನಾವೇ ಬರೆದಿಟ್ಟುಕೊಳ್ಳಬೇಕು, ಎದುರಾಳಿಯ ಅಭ್ಯಾಸವನ್ನು ಕಣ್ಣಿನಿಂದಲೇ ಓದಬೇಕು. ದೊಡ್ಡ ಜೋಡಿಯ ವಿಷಯದಲ್ಲಿ ಈ ಎರಡನೆಯ ಕೆಲಸವೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ.

ಫ್ಲಾಪ್‌ಗೆ ಮುಂಚಿನ ಹಂತವನ್ನು ಮೊದಲು ಮುಗಿಸಿಬಿಡುತ್ತೇನೆ. ನಗದು ಆಟದಲ್ಲಿ ಫ್ಲಾಪ್‌ಗೆ ಮುಂಚೆ ಎಕ್ಕದ ಜೋಡಿಯನ್ನು ಕೆಳಗಿಡುವ ಪ್ರಶ್ನೆಯೇ ಇಲ್ಲ. ರಾಜನ ಜೋಡಿಗೆ ಆ ಪ್ರಶ್ನೆ ಅಪರೂಪವಾಗಿ ಬರುತ್ತದೆ, ಬಂದಾಗ ನಾನು ಕಾಂಬಿನೇಷನ್‌ಗಳನ್ನು ಎಣಿಸುತ್ತೇನೆ. ಕಟ್ಟಿನಲ್ಲಿ ನಾಲ್ಕು ಎಕ್ಕಗಳಿರುವುದರಿಂದ ಎಕ್ಕದ ಜೋಡಿ ಆರು ರೀತಿಯಲ್ಲಿ ಆಗಬಹುದು. ಎರಡು ರಾಜರು ನನ್ನ ಕೈಯಲ್ಲೇ ಇರುವಾಗ ಎದುರಾಳಿಗೆ ರಾಜನ ಜೋಡಿ ಆಗುವುದು ಒಂದೇ ರೀತಿಯಲ್ಲಿ, ಎಕ್ಕ–ರಾಜ ಆಗುವುದು ಎಂಟು ರೀತಿಯಲ್ಲಿ, ರಾಣಿಯ ಜೋಡಿ ಆಗುವುದು ಆರು ರೀತಿಯಲ್ಲಿ. ಎದುರಾಳಿ ಈ ನಾಲ್ಕು ಬಗೆಯ ಕೈಗಳಿಂದಲೂ ಎಲ್ಲ ಹಣವನ್ನು ಒಳಗೆ ತಳ್ಳುವವನಾದರೆ, ಒಟ್ಟು 21 ಕಾಂಬಿನೇಷನ್‌ಗಳ ಎದುರು ನನ್ನ ಗೆಲುವಿನ ಪಾಲು ಸುಮಾರು ಶೇ 57. ಅಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಎಕ್ಕದ ಜೋಡಿ ಅಥವಾ ರಾಜನ ಜೋಡಿ ಇಲ್ಲದೆ ಆತ ಹಾಗೆ ಮಾಡುವುದೇ ಇಲ್ಲ ಎಂದಾದರೆ ನನ್ನ ಪಾಲು ಶೇ 23ಕ್ಕೆ ಇಳಿಯುತ್ತದೆ. ಅಷ್ಟು ಬಿಗಿಯಾಗಿ ಆಡುವವರು ಇಲ್ಲವೆಂದಲ್ಲ. ಆದರೆ ಒಬ್ಬರನ್ನು ಹಾಗೆಂದು ತೀರ್ಮಾನಿಸಲು ಇಡೀ ಒಂದು ಸಂಜೆ ಅವರೊಡನೆ ಕುಳಿತಿರಬೇಕು, ಜೊತೆಗೆ ಇಬ್ಬರ ಮುಂದೆಯೂ 200 ಬಿಗ್ ಬ್ಲೈಂಡ್‌ಗಿಂತ (ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಕಡ್ಡಾಯ ಪಣಗಳಲ್ಲಿ ದೊಡ್ಡದು) ಹೆಚ್ಚು ಹಣವಿರಬೇಕು. ಈ ಎರಡೂ ಕೂಡಿಬರದಿದ್ದರೆ ನಾನು ರಾಜನ ಜೋಡಿಯನ್ನು ಫ್ಲಾಪ್‌ಗೆ ಮುಂಚೆ ಬಿಡುವುದಿಲ್ಲ. ಒಂಬತ್ತು ಮಂದಿಯ ಮೇಜಿನಲ್ಲಿ ನನಗೆ ರಾಜನ ಜೋಡಿ ಬಂದಾಗ ಉಳಿದ ಎಂಟು ಜನರಲ್ಲಿ ಯಾರಿಗಾದರೂ ಎಕ್ಕದ ಜೋಡಿ ಇರುವ ಸಾಧ್ಯತೆ ಶೇ 4ಕ್ಕಿಂತಲೂ ತುಸು ಕಡಿಮೆ.

ಆ ಅಪರೂಪವೂ ಸಂಭವಿಸುತ್ತದೆ. 2018ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದಲ್ಲಿ ಹತ್ತೇ ಮಂದಿ ಉಳಿದಿದ್ದಾಗ ನಿಕೊಲಸ್ ಮ್ಯಾನಿಯನ್‌ಗೆ ಎಕ್ಕದ ಜೋಡಿ, ಯುಎಚಿ ಝೂ ಮತ್ತು ಆಂಟ್ವಾನ್ ಲಬಾ ಇಬ್ಬರಿಗೂ ರಾಜನ ಜೋಡಿ ಒಂದೇ ಕೈಯಲ್ಲಿ ಬಂದವು. ಮೂವರ ಹಣವೂ ಫ್ಲಾಪ್‌ಗೆ ಮುಂಚೆಯೇ ಒಳಗೆ ಹೋಯಿತು, ಎಕ್ಕಗಳೇ ಗೆದ್ದವು, ಝೂ ಹತ್ತನೆಯ ಸ್ಥಾನದಲ್ಲಿ ಹೊರಬಿದ್ದರು. ಆ ಕೈಯನ್ನು ತೋರಿಸಿ ರಾಜನ ಜೋಡಿಯನ್ನು ಬಿಡಲು ಕಲಿಯಬೇಕೆಂದು ಹೇಳುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ರಾಣಿಯ ಜೋಡಿಯ ಮಾತು ಬೇರೆ. ಎಕ್ಕದ ಜೋಡಿ, ರಾಜನ ಜೋಡಿ, ಎಕ್ಕ–ರಾಜ ಇಷ್ಟೇ ಇರುವ ಎದುರಾಳಿಯ ಮುಂದೆ ರಾಣಿಯ ಜೋಡಿಗೆ ಸಿಗುವುದು ಸುಮಾರು ಶೇ 40. ಹೀಗಾಗಿ ರಾಣಿಯ ಮತ್ತು ಗುಲಾಮನ ಜೋಡಿಗಳನ್ನು ಬಿಗಿ ಆಟಗಾರನ ಎರಡನೆಯ ಮರು-ರೇಸ್ ಎದುರು ನಾನು ಹೆಚ್ಚು ಯೋಚಿಸದೆ ಕೆಳಗಿಡುತ್ತೇನೆ.

ಫ್ಲಾಪ್‌ನ ನಂತರದ ತೀರ್ಮಾನದ ಅರ್ಧ ಭಾಗ ಫ್ಲಾಪ್ ಬೀಳುವ ಮೊದಲೇ ಆಗಿಹೋಗಿರುತ್ತದೆ. ಪಾಟ್‌ನಲ್ಲಿ (ಎಲ್ಲರೂ ಇಟ್ಟು ಒಟ್ಟುಗೂಡಿದ ಪಣದಲ್ಲಿ) ಎಷ್ಟು ಹಣವಿದೆ, ನಮ್ಮಿಬ್ಬರ ಮುಂದೆ ಇನ್ನೆಷ್ಟು ಉಳಿದಿದೆ, ಒಟ್ಟು ಎಷ್ಟು ಜನ ಒಳಗಿದ್ದಾರೆ ಎಂಬ ಮೂರನ್ನು ಡೀಲರ್ ಮೂರು ಎಲೆಗಳನ್ನು ತಿರುಗಿಸುವ ಮೊದಲೇ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಉಳಿದ ಹಣವನ್ನು ಪಾಟ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಆಟಗಾರರು ಎಸ್‌ಪಿಆರ್ ಎನ್ನುತ್ತಾರೆ. 100 ಬಿಗ್ ಬ್ಲೈಂಡ್ ಹಣದಲ್ಲಿ ಒಬ್ಬ ಮೂರು ಬ್ಲೈಂಡ್‌ಗೆ ರೇಸ್ ಮಾಡಿ ಇನ್ನೊಬ್ಬ ಕಾಲ್ ಮಾಡಿದರೆ ಈ ಸಂಖ್ಯೆ 13ರ ಆಸುಪಾಸಿನಲ್ಲಿರುತ್ತದೆ. ಒಮ್ಮೆ ಮರು-ರೇಸ್ ಆಗಿದ್ದರೆ ನಾಲ್ಕರ ಹತ್ತಿರಕ್ಕೆ ಇಳಿಯುತ್ತದೆ, ಇನ್ನೊಮ್ಮೆ ಆಗಿದ್ದರೆ ಎರಡಕ್ಕಿಂತ ಕೆಳಗೆ ಹೋಗುತ್ತದೆ. ಎರಡಕ್ಕಿಂತ ಕೆಳಗಿದ್ದಾಗ, ಮೇಜಿನ ಎಲೆಗಳೆಲ್ಲ ನನ್ನ ಜೋಡಿಗಿಂತ ಚಿಕ್ಕವಾಗಿದ್ದರೆ, ನಾನು ಎಂದೂ ಹಿಂದೆ ಸರಿಯುವುದಿಲ್ಲ. ಹದಿಮೂರು ಅಥವಾ ಅದಕ್ಕಿಂತ ಮೇಲಿದ್ದಾಗ ಒಂದು ಜೋಡಿಯ ಬಲದ ಮೇಲೆ ಇಡೀ ರಾಶಿಯನ್ನು ಒಳಗಿಡಲು ತುಂಬಾ ಬಲವಾದ ಕಾರಣ ಬೇಕು. ಕಷ್ಟವೆಲ್ಲ ಇವೆರಡರ ನಡುವೆ ಇರುತ್ತದೆ.

ಜನರ ಸಂಖ್ಯೆಯೂ ಅಷ್ಟೇ ಮುಖ್ಯ. ಯಾವುದೋ ಒಂದು ಕೈಯ ಎದುರು ಎಕ್ಕದ ಜೋಡಿ ಕೊನೆಯವರೆಗೆ ನಿಂತರೆ ನೂರರಲ್ಲಿ 85 ಸಲ ಗೆಲ್ಲುತ್ತದೆ. ಎದುರಿಗೆ ನಾಲ್ವರಿದ್ದರೆ 56 ಸಲ, ಒಂಬತ್ತು ಮಂದಿಯಿದ್ದರೆ 31 ಸಲ. ಗೋವಾದ ಚಿಕ್ಕ ಮೇಜುಗಳಲ್ಲಿ ನಾಲ್ಕೈದು ಜನ ಫ್ಲಾಪ್ ನೋಡುವುದು ಸಾಮಾನ್ಯ ಸಂಗತಿ. ಅಂಥ ಮೇಜಿನಲ್ಲಿ ಮೂರು ಬ್ಲೈಂಡ್‌ನ ರೇಸ್‌ಗೆ ಯಾರೂ ಎಲೆ ಬಿಡುವುದಿಲ್ಲವಾದ್ದರಿಂದ ನಾನು ಐದು, ಆರು ಬ್ಲೈಂಡ್‌ಗೆ ರೇಸ್ ಮಾಡುತ್ತೇನೆ. ಇದರಿಂದ ಜನ ಕಡಿಮೆಯಾಗುತ್ತಾರೆ, ಎಸ್‌ಪಿಆರ್ ಸಹ ಇಳಿಯುತ್ತದೆ, ಮುಂದಿನ ತೀರ್ಮಾನ ಸುಲಭವಾಗುತ್ತದೆ.

ಈಗ ಒಂದು ಕೈಯನ್ನು ಪೂರ್ತಿಯಾಗಿ ನೋಡೋಣ. ₹100–₹200 ಬ್ಲೈಂಡ್‌ನ ಮೇಜು, ನನ್ನ ಮುಂದೆ ಮತ್ತು ಬಟನ್‌ನಲ್ಲಿ (ಫ್ಲಾಪ್‌ನಿಂದ ಮುಂದೆ ಕೊನೆಯಲ್ಲಿ ಆಡುವ ಸ್ಥಾನದಲ್ಲಿ) ಕುಳಿತಿದ್ದ ಹಿರಿಯರೊಬ್ಬರ ಮುಂದೆ ತಲಾ ₹40,000. ನನಗೆ ಇಸ್ಪೇಟ್ ರಾಜ, ಆಟೀನ್ ರಾಜ ಬಂದವು. ನಾನು ₹800ಕ್ಕೆ ರೇಸ್ ಮಾಡಿದೆ, ಆ ಹಿರಿಯರು ಕಾಲ್ ಮಾಡಿದರು, ಬಿಗ್ ಬ್ಲೈಂಡ್‌ನಲ್ಲಿದ್ದವರೂ ಕಾಲ್ ಮಾಡಿದರು. ಪಾಟ್ ₹2,500. ಎಸ್‌ಪಿಆರ್ ಹದಿನೈದಕ್ಕೂ ಹೆಚ್ಚು. ಫ್ಲಾಪ್‌ನಲ್ಲಿ ಡೈಮಂಡ್ 9, ಡೈಮಂಡ್ 8, ಕಲಾವರ್ 4 ಬಿದ್ದವು. ನಾನು ₹1,600 ಬೆಟ್ ಮಾಡಿದೆ, ಹಿರಿಯರು ಕಾಲ್ ಮಾಡಿದರು, ಮೂರನೆಯವರು ಎಲೆ ಬಿಟ್ಟರು. ಪಾಟ್ ₹5,700 ಆಯಿತು. ಟರ್ನ್‌ನಲ್ಲಿ, ಅಂದರೆ ನಾಲ್ಕನೆಯ ಎಲೆಯಾಗಿ, ಬಂದದ್ದು ಇಸ್ಪೇಟ್ 2, ಯಾರಿಗೂ ಉಪಯೋಗವಾಗುವಂಥ ಎಲೆಯಲ್ಲ. ನಾನು ₹3,800 ಇಟ್ಟೆ. ಹಿರಿಯರು ತಮ್ಮ ಎಲೆಗಳನ್ನು ಇನ್ನೊಮ್ಮೆ ನೋಡಲಿಲ್ಲ, ಚಿಪ್ಸ್‌ನ್ನು ಎರಡು ಸಮ ರಾಶಿಗಳಾಗಿ ಜೋಡಿಸಿ, ಒಟ್ಟು ₹11,000ಕ್ಕೆ ರೇಸ್ ಎಂದರು.

ಇಲ್ಲಿ ನಾನು ಇನ್ನೂ ₹7,200 ಇಡಬೇಕು, ಪಾಟ್‌ನಲ್ಲಿ ಆಗಲೇ ₹20,500 ಇದೆ. ಇಷ್ಟನ್ನೇ ನೋಡಿದರೆ ನನಗೆ ಶೇ 26 ಗೆಲುವಿನ ಪಾಲು ಸಾಕು. ಆದರೆ ಅವರ ಮುಂದೆ ಇನ್ನೂ ₹26,600 ಉಳಿದಿತ್ತು, ರಿವರ್‌ನಲ್ಲಿ, ಅಂದರೆ ಐದನೆಯ ಮತ್ತು ಕೊನೆಯ ಎಲೆ ಬಿದ್ದಾಗ, ಅದೂ ಬರುತ್ತದೆ ಎಂದು ನಾನು ಎಣಿಸಲೇಬೇಕು. ಕೊನೆಯವರೆಗೆ ಹೋಗುವುದಾದರೆ ನಾನು ಇಡುವುದು ₹33,800, ಗೆಲ್ಲುವುದು ₹47,100, ಹಾಗಾಗಿ ಬೇಕಾದ ಪಾಲು ಶೇ 42ರ ಹತ್ತಿರ. ಟರ್ನ್‌ನ ರೇಸ್‌ಗೆ ಉತ್ತರ ಕೊಡುವಾಗ ಮುಂದಿರುವ ₹7,200ನ್ನಷ್ಟೇ ನೋಡುವುದು ಬಹಳ ಜನರ ಅಭ್ಯಾಸ. ನಾನು ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತೇನೆ.

ನಂತರ ಕಾಂಬಿನೇಷನ್. ಮೇಜಿನ ಮೇಲೆ ಒಂದು 9, ಒಂದು 8, ಒಂದು 4 ಇರುವುದರಿಂದ ಉಳಿದ ಮೂರು ಮೂರರಲ್ಲಿ ಪ್ರತಿಯೊಂದಕ್ಕೂ ಮೂರು ಜೋಡಿಗಳಾಗುತ್ತವೆ, ಅಂದರೆ ಒಟ್ಟು ಒಂಬತ್ತು ಸೆಟ್‌ಗಳು (ಮೇಜಿನ ಎಲೆಯೊಂದಿಗೆ ಮೂರು ಒಂದೇ ಎಲೆಯಾಗುವ ಜೋಡಿಗಳು). ಒಂದೇ ಬಣ್ಣದ 9–8 ಮೂರು ರೀತಿಯಲ್ಲಿ ಆಗುತ್ತದೆ. ನನ್ನನ್ನು ಸೋಲಿಸುವ ಕೈಗಳು ಹೀಗೆ ಹನ್ನೆರಡು. ಟರ್ನ್‌ನಲ್ಲಿ 2ರ ಸೆಟ್ ಆಗಿರಬಹುದಾದರೂ, ಆ ಚಿಕ್ಕ ಜೋಡಿಯಿಂದ ಫ್ಲಾಪ್‌ನಲ್ಲಿ ಅವರು ಕಾಲ್ ಮಾಡಿರಲಾರರು. ಈ ಎಲೆಗಳಲ್ಲಿ ಸ್ಟ್ರೇಟ್ ಪೂರ್ತಿಯಾಗಲು ಸಾಧ್ಯವೇ ಇಲ್ಲ. ಸೆಟ್‌ಗಳ ಎದುರು ನನಗೆ ಉಳಿದಿರುವುದು ಎರಡು ರಾಜರು ಮಾತ್ರ, 44 ಎಲೆಗಳಲ್ಲಿ ಎರಡು, ಶೇ 4.5. ಎರಡು ಜೋಡಿಯ ಎದುರು ರಾಜ, 4, 2 ಸೇರಿ ಎಂಟು ಎಲೆಗಳು ಉಪಯೋಗಕ್ಕೆ ಬರುವುದರಿಂದ ಶೇ 18. ಹನ್ನೆರಡರ ಸರಾಸರಿ ತೆಗೆದರೆ ಶೇ 8ರಷ್ಟೂ ಇಲ್ಲ. ಇನ್ನು ನಾನು ಮುಂದಿರುವ ಕೈಗಳಲ್ಲಿ 10ರ, ಗುಲಾಮನ, ರಾಣಿಯ ಜೋಡಿಗಳಿಂದ ಈ ಹಿರಿಯರು ಟರ್ನ್‌ನಲ್ಲಿ ಹೀಗೆ ರೇಸ್ ಮಾಡುವವರಲ್ಲ, ಕಾಲ್ ಮಾಡುವವರು. ಉಳಿಯುವುದು ಡೈಮಂಡ್ ಫ್ಲಷ್‌ಗೆ ಕಾಯುತ್ತಿರುವ ಕೈಗಳು, ಅಂದರೆ ಡ್ರಾಗಳು. ಅವುಗಳ ಎದುರು ನಾನು ಸುಮಾರು ಶೇ 80 ಮುಂದಿದ್ದೇನೆ.

ಆದ್ದರಿಂದ ಇಡೀ ಪ್ರಶ್ನೆ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತದೆ. ಅವರು ಎಷ್ಟು ಡ್ರಾಗಳಿಂದ ಹೀಗೆ ರೇಸ್ ಮಾಡುತ್ತಾರೆ? ಹನ್ನೆರಡು ಬಲವಾದ ಕೈಗಳ ಜೊತೆಗೆ ನಾಲ್ಕು ಡ್ರಾಗಳಿದ್ದರೆ, ರಿವರ್‌ನಲ್ಲಿ ಮತ್ತೆ ಹಣ ಬರುವುದಿಲ್ಲವೆಂಬ ಊಹೆಯ ಮೇಲೆ, ನನ್ನ ಕಾಲ್ ಸರಿಸಮವಾಗುತ್ತದೆ. ಎಲ್ಲ ಹಣವೂ ಒಳಗೆ ಹೋಗುವುದಾದರೆ ಹನ್ನೊಂದರಷ್ಟು ಡ್ರಾಗಳು ಬೇಕು. ಆ ಸಂಜೆ ಅವರು ಎರಡು ಕೈಗಳಲ್ಲಿ ಫ್ಲಷ್ ಡ್ರಾ ತೋರಿಸಿದ್ದರು, ಎರಡರಲ್ಲೂ ಟರ್ನ್‌ನಲ್ಲಿ ಸುಮ್ಮನೆ ಕಾಲ್ ಮಾಡಿದ್ದರು. ನನ್ನ ಮಟ್ಟಿಗೆ ಅವರ ಡ್ರಾಗಳ ಸಂಖ್ಯೆ ನಾಲ್ಕನ್ನು ಮುಟ್ಟುತ್ತಿರಲಿಲ್ಲ. ರಾಜನ ಜೋಡಿಯನ್ನು ಕೆಳಗಿಟ್ಟೆ. ಅವರೂ ತಮ್ಮ ಎಲೆಗಳನ್ನು ತೋರಿಸದೆ ಡೀಲರ್ ಕಡೆಗೆ ಸರಿಸಿದರು, ಅವರ ಬಳಿ ಏನಿತ್ತೆಂದು ನಾನು ಕೇಳಲಿಲ್ಲ.

ನನ್ನ ಎರಡು ರಾಜರಲ್ಲಿ ಒಂದು ಡೈಮಂಡ್ ಆಗಿದ್ದಿದ್ದರೆ ನಾನು ಇನ್ನೂ ಬೇಗನೆ ಎಲೆ ಬಿಡುತ್ತಿದ್ದೆ. ಡೈಮಂಡ್ ರಾಜ ನನ್ನಲ್ಲಿದ್ದರೆ ಎಕ್ಕ–ರಾಜ, ರಾಜ–ರಾಣಿ, ರಾಜ–ಗುಲಾಮದಂಥ ಡೈಮಂಡ್ ಡ್ರಾಗಳು ಎದುರಾಳಿಯ ಕೈಯಲ್ಲಿರಲು ಸಾಧ್ಯವಿಲ್ಲ, ಆದರೆ ಸೆಟ್‌ಗಳ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಫ್ಲಷ್‌ನ ಒಂದು ಎಲೆ ಕೈಯಲ್ಲಿದ್ದರೆ ಧೈರ್ಯ ಬರುವುದು ಸಹಜ, ಆದರೂ ಈ ಸಂದರ್ಭದಲ್ಲಿ ಲೆಕ್ಕ ತೋರಿಸುವುದು ಅದರ ವಿರುದ್ಧ ದಿಕ್ಕನ್ನು.

ಟರ್ನ್‌ನಲ್ಲಿ ರೇಸ್ ಬಂದಾಗ ಒಂದು ಜೋಡಿಯ ಬೆಲೆಯನ್ನು ಮರುಪರಿಶೀಲಿಸಬೇಕೆಂಬ ಮಾತು ಆಟಗಾರರಲ್ಲಿ ‘ಬಲೂಗಾ ಸಿದ್ಧಾಂತ’ ಎಂಬ ಹೆಸರಿನಿಂದ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದು ಎಲೆ ಬಿಡಲೇಬೇಕೆಂಬ ಆಜ್ಞೆಯಲ್ಲ, ನಿಂತು ಎಣಿಸಬೇಕೆಂಬ ಸೂಚನೆ. ಎಣಿಸಿದ ಮೇಲೆ ಮುಂದುವರಿಯಬೇಕಾದ ಸಂದರ್ಭಗಳೂ ಅಷ್ಟೇ ಇವೆ, ಅವನ್ನು ಹೇಳದಿದ್ದರೆ ಈ ಬರಹ ಅಂಜಿಕೆಯ ಪಾಠವಾಗಿಬಿಡುತ್ತದೆ.

ಅದೇ ಬ್ಲೈಂಡ್‌ನ ಇನ್ನೊಂದು ಮೇಜಿನಲ್ಲಿ ಒಬ್ಬ ಯುವಕ ₹600ಕ್ಕೆ ರೇಸ್ ಮಾಡಿದ. ನನ್ನ ಕೈಯಲ್ಲಿ ಕಲಾವರ್ ರಾಣಿ, ಡೈಮಂಡ್ ರಾಣಿ. ನಾನು ₹2,000ಕ್ಕೆ ಮರು-ರೇಸ್ ಮಾಡಿದೆ, ಆತ ಕಾಲ್ ಮಾಡಿದ. ಇಬ್ಬರೂ ₹20,000ದಿಂದ ಆರಂಭಿಸಿದ್ದೆವು. ಪಾಟ್ ₹4,300, ಉಳಿದದ್ದು ತಲಾ ₹18,000, ಎಸ್‌ಪಿಆರ್ ನಾಲ್ಕಕ್ಕಿಂತ ಸ್ವಲ್ಪ ಮೇಲೆ. ಫ್ಲಾಪ್‌ನಲ್ಲಿ ಇಸ್ಪೇಟ್ ಗುಲಾಮ, ಇಸ್ಪೇಟ್ 6, ಆಟೀನ್ 3. ಆತ ಪಣ ಇಡದೆ ಚೆಕ್ ಮಾಡಿದ, ನಾನು ₹2,200 ಇಟ್ಟೆ, ಆತ ₹6,500ಕ್ಕೆ ರೇಸ್ ಮಾಡಿದ. ಇಲ್ಲೂ ಸೆಟ್‌ಗಳು ಒಂಬತ್ತೇ. ಆದರೆ ಈತ ಎಕ್ಕ–ಗುಲಾಮ, ರಾಜ–ಗುಲಾಮಗಳಿಂದಲೂ ರೇಸ್ ಮಾಡುವವನು, ಒಂದೇ ಬಣ್ಣದ ಅಂಥ ಕೈಗಳು ಆರು. ಫ್ಲಷ್ ಡ್ರಾ ಸಿಕ್ಕಿದರೆ ಸುಮ್ಮನೆ ಕುಳಿತುಕೊಳ್ಳುವವನೂ ಅಲ್ಲ, ಅಂಥವು ಕನಿಷ್ಠ ಹತ್ತು ಎಂದು ಎಣಿಸಿದೆ. ಸೆಟ್‌ಗಳ ಎದುರು ನನಗೆ ಶೇ 9, ಗುಲಾಮನ ಜೋಡಿಯಾದ ಕೈಗಳ ಎದುರು ಶೇ 79, ಡ್ರಾಗಳ ಎದುರು ಸರಾಸರಿ ಶೇ 60 ಎಂದು ಹಿಡಿದರೆ ಒಟ್ಟು ಶೇ 46 ಬರುತ್ತದೆ. ನನ್ನಲ್ಲಿ ಉಳಿದಿದ್ದ ₹15,800ನ್ನು ಪೂರ್ತಿ ಒಳಗಿಟ್ಟು ಆತ ಕಾಲ್ ಮಾಡಿದರೆ ನನಗೆ ಬೇಕಾದದ್ದು ಶೇ 39. ಮೇಲಾಗಿ ಕೆಲವು ಕೈಗಳನ್ನು ಆತ ಬಿಟ್ಟುಬಿಡಲೂ ಬಹುದು. ನಾನು ಎಲ್ಲವನ್ನೂ ಒಳಗಿಟ್ಟೆ. ಆತ ಇಸ್ಪೇಟ್ 10, ಇಸ್ಪೇಟ್ 9 ತೋರಿಸಿದ, ರಿವರ್‌ನಲ್ಲಿ ಇಸ್ಪೇಟ್ ಬಂದು ಪಾಟ್ ಆತನ ಪಾಲಾಯಿತು. ನಾಳೆ ಅದೇ ಯುವಕ ಅದೇ ಎಲೆಗಳ ಮೇಲೆ ಅದೇ ರೇಸ್ ಮಾಡಿದರೆ ನಾನು ಮತ್ತೆ ಎಲ್ಲವನ್ನೂ ಒಳಗಿಡುತ್ತೇನೆ.

ಹೋಲಿಸಿ ನೋಡಿದರೆ, ಮೊದಲ ಕೈಯಲ್ಲಿ ನನ್ನ ಜೋಡಿ ದೊಡ್ಡದಿತ್ತು, ಎರಡನೆಯದರಲ್ಲಿ ಚಿಕ್ಕದಿತ್ತು. ದೊಡ್ಡದನ್ನು ಬಿಟ್ಟೆ, ಚಿಕ್ಕದರೊಡನೆ ಮುಂದುವರಿದೆ. ರಾಜನೋ ರಾಣಿಯೋ ಎಂಬುದು ಈ ಎರಡು ತೀರ್ಮಾನಗಳಲ್ಲಿ ಯಾವ ಪಾತ್ರವನ್ನೂ ವಹಿಸಲಿಲ್ಲ. ಉಳಿದ ಹಣ, ಪಾಟ್‌ನ ಗಾತ್ರ, ಎದುರಿಗಿದ್ದ ಮನುಷ್ಯ ಈ ಮೂರೇ ನಿರ್ಣಯಿಸಿದವು. ನಾನು ಹೊಸಬರಿಗೆ ಒತ್ತಿ ಹೇಳುವುದು ಇದನ್ನೇ.

ಫಲಿತಾಂಶದ ಬಗ್ಗೆ ಮಾತನಾಡುವಾಗ 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದ ಒಂದು ಕೈ ನನಗೆ ಯಾವಾಗಲೂ ನೆನಪಿಗೆ ಬರುತ್ತದೆ. ಮ್ಯಾಟ್ ಆಫ್ಲೆಕ್ ಬಳಿ ಎಕ್ಕದ ಜೋಡಿ, ಜೊನಾಥನ್ ದುಹಾಮೆಲ್ ಬಳಿ ಗುಲಾಮನ ಜೋಡಿ. ಮೇಜಿನ ಮೇಲೆ 10, 9, 7, ಆಮೇಲೆ ಟರ್ನ್‌ನಲ್ಲಿ ರಾಣಿ. ಆಫ್ಲೆಕ್ ಎಲ್ಲ ಚಿಪ್ಸ್‌ನ್ನೂ ಒಳಗಿಟ್ಟರು, ದುಹಾಮೆಲ್ ಬಹಳ ಹೊತ್ತು ಯೋಚಿಸಿ ಕಾಲ್ ಮಾಡಿದರು. ನಾಲ್ಕು ಎಂಟುಗಳು, ನಾಲ್ಕು ರಾಜರು, ಎರಡು ಗುಲಾಮರು ಸೇರಿ ದುಹಾಮೆಲ್‌ಗೆ ಗೆಲುವು ತರುವ ಎಲೆಗಳು 44ರಲ್ಲಿ ಹತ್ತು. ರಿವರ್‌ನಲ್ಲಿ 8 ಬಂತು. ಆಫ್ಲೆಕ್ 15ನೆಯ ಸ್ಥಾನದಲ್ಲಿ ಹೊರಬಿದ್ದರು, ದುಹಾಮೆಲ್ ಮುಂದೆ ಆ ವರ್ಷದ ಪ್ರಶಸ್ತಿಯನ್ನೇ ಗೆದ್ದರು. ಹಣ ಒಳಗೆ ಹೋದಾಗ ಆಫ್ಲೆಕ್ ಶೇ 77 ಮುಂದಿದ್ದರು. ಆ ಕೈಯನ್ನು ಎಷ್ಟು ಸಲ ಬಿಡಿಸಿ ನೋಡಿದರೂ ಅವರು ಮುಂದುವರಿದದ್ದರಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಪಾಟ್ ಗೆದ್ದೆನೋ ಸೋತೆನೋ ಎಂಬುದಕ್ಕೆ ಅಂಕಣವನ್ನೇ ಇಟ್ಟುಕೊಂಡಿಲ್ಲ. ಹಣ ಒಳಗೆ ಹೋದಾಗ ಎಷ್ಟು ಪಾಲಿತ್ತು, ಎಷ್ಟು ಬೇಕಿತ್ತು ಎಂಬೆರಡೇ ಅಂಕಣಗಳಿವೆ.

ಜೋಡಿಗಿಂತ ದೊಡ್ಡ ಎಲೆ ಫ್ಲಾಪ್‌ನಲ್ಲಿ ಬಿದ್ದಾಗ ತೀರ್ಮಾನದ ಸ್ವರೂಪ ಬದಲಾಗುತ್ತದೆ. ರಾಜನ ಜೋಡಿಯಿದ್ದಾಗ ಫ್ಲಾಪ್‌ನಲ್ಲಿ ಎಕ್ಕ ಬರುವ ಸಾಧ್ಯತೆ ಶೇ 22.6. ರಾಣಿಯ ಜೋಡಿಯಿದ್ದಾಗ ಎಕ್ಕ ಅಥವಾ ರಾಜ ಬರುವುದು ಶೇ 41ರಷ್ಟು, ಗುಲಾಮನ ಜೋಡಿಗಿಂತ ದೊಡ್ಡ ಎಲೆ ಬರುವುದು ಶೇ 57ರಷ್ಟು. ಅಂದರೆ ಗುಲಾಮನ ಜೋಡಿಗೆ ಇದು ಅರ್ಧಕ್ಕಿಂತ ಹೆಚ್ಚು ಸಲ ಎದುರಾಗುವ ಸ್ಥಿತಿ, ಅದನ್ನು ದುರದೃಷ್ಟವೆಂದು ಎಣಿಸುವಂತಿಲ್ಲ. ಎದುರಿಗೆ ಒಬ್ಬರೇ ಇದ್ದರೆ ನಾನು ಪಾಟ್‌ನ ಮೂರನೆಯ ಒಂದು ಭಾಗದಷ್ಟು ಒಮ್ಮೆ ಬೆಟ್ ಮಾಡುತ್ತೇನೆ, ಕಾಲ್ ಬಂದರೆ ಟರ್ನ್‌ನಲ್ಲಿ ಚೆಕ್ ಮಾಡುತ್ತೇನೆ. ರಾಜನ ಜೋಡಿ ಎಕ್ಕದ ಮೇಜಿನ ಮೇಲೆ ಒಂದು ಮಧ್ಯಮ ಬೆಟ್‌ಗೆ ಉತ್ತರ ಕೊಡಬಲ್ಲದು, ಎರಡು ದೊಡ್ಡ ಬೆಟ್‌ಗಳಿಗೆ ಕೊಡಲಾರದು. ಎದುರಿಗೆ ಇಬ್ಬರೋ ಮೂವರೋ ಇದ್ದು, ಒಬ್ಬರು ಬೆಟ್ ಮಾಡಿ ಇನ್ನೊಬ್ಬರು ಕಾಲ್ ಮಾಡಿದರೆ ಅಲ್ಲಿಗೇ ಬಿಡುತ್ತೇನೆ.

ರಿವರ್‌ನಲ್ಲಿ ಲೆಕ್ಕ ಸರಳ, ಧೈರ್ಯ ಮಾತ್ರ ಹೆಚ್ಚು ಬೇಕು. ಇನ್ನು ಬರುವ ಎಲೆಯಿಲ್ಲ, ಉಳಿಸಿಕೊಳ್ಳಬೇಕಾದ ಹಣದ ಚಿಂತೆಯಿಲ್ಲ, ಬೆಟ್‌ನ ಬೆಲೆಯೊಂದೇ ಪ್ರಶ್ನೆ. ಅರ್ಧ ಪಾಟ್‌ಗೆ ಶೇ 25, ಮೂರನೆಯ ಎರಡು ಭಾಗಕ್ಕೆ ಸುಮಾರು ಶೇ 29, ಪೂರ್ತಿ ಪಾಟ್‌ಗೆ ಶೇ 33. ಫ್ಲಷ್‌ಗೆ ಕಾಯುತ್ತಿದ್ದ ಕೈಗಳಿಗೆ ಕೊನೆಗೂ ಆ ಎಲೆ ಬರದಿದ್ದಾಗ ಎದುರಾಳಿಯ ಬೆಟ್‌ನಲ್ಲಿ ಸುಳ್ಳಿನ (ಬಲವಿಲ್ಲದ ಕೈಯಿಂದ ಹೆದರಿಸುವುದರ) ಪಾಲು ಇದ್ದೇ ಇರುತ್ತದೆ, ಹಾಗಾಗಿ ನಾನು ಕಾಲ್ ಮಾಡುವತ್ತ ವಾಲುತ್ತೇನೆ. ಬೆಟ್‌ಗೂ ರೇಸ್‌ಗೂ ಇಲ್ಲಿ ಅಜಗಜಾಂತರವಿದೆ. ಚಿಕ್ಕ ಮೇಜುಗಳಲ್ಲಿ ನಾನು ರಿವರ್‌ನಲ್ಲಿ ಬೆಟ್ ಮಾಡಿದ ಮೇಲೆ ಬರುವ ರೇಸ್‌ನಲ್ಲಿ ಸುಳ್ಳು ಕಂಡದ್ದು ತೀರಾ ಅಪರೂಪ. ಅದರ ಎದುರು ಎಕ್ಕದ ಜೋಡಿಯನ್ನೂ ನಾನು ಕೆಳಗಿಡುತ್ತೇನೆ.

ಟೂರ್ನಮೆಂಟ್‌ನಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ಬರುವ ಒಂದು ಸಂದರ್ಭವಿದೆ. ದೊಡ್ಡ ಪಂದ್ಯಕ್ಕೆ ಪ್ರವೇಶ ಕೊಡುವ ಸ್ಯಾಟಲೈಟ್‌ನಲ್ಲಿ ಗೆದ್ದವರೆಲ್ಲರಿಗೂ ಸಿಗುವುದು ಒಂದೇ ಸಮನಾದ ಸೀಟು. ಹತ್ತು ಸೀಟುಗಳಿದ್ದು ಹನ್ನೊಂದು ಮಂದಿ ಉಳಿದಿದ್ದಾರೆ, ಇಬ್ಬರ ಬಳಿ ಒಂದೆರಡು ಬ್ಲೈಂಡ್ ಮಾತ್ರ ಇದೆ, ನಾನು ಮೇಲಿನ ಮೂವರಲ್ಲಿ ಒಬ್ಬ ಎಂದುಕೊಳ್ಳಿ. ಸುಮ್ಮನೆ ಕುಳಿತರೆ ಸೀಟು ಸಿಗುವ ಸಾಧ್ಯತೆ ಶೇ 97ರಷ್ಟಿದೆ ಎಂದು ಅಂದಾಜು ಮಾಡಿದರೆ, ನನ್ನಷ್ಟೇ ಚಿಪ್ಸ್ ಇರುವವನು ಎಲ್ಲವನ್ನೂ ಒಳಗೆ ತಳ್ಳಿದಾಗ ಎಕ್ಕದ ಜೋಡಿ ಕೊಡಬಲ್ಲದ್ದು ಶೇ 85ರ ಆಸುಪಾಸು ಮಾತ್ರ. ಗೆದ್ದು ಚಿಪ್ಸ್ ಎರಡರಷ್ಟಾದರೂ ಎರಡನೆಯ ಸೀಟೇನೂ ಸಿಗುವುದಿಲ್ಲ. ಅಂಥ ಕಡೆ ನಾನು ಎಕ್ಕದ ಜೋಡಿಯನ್ನು ಫ್ಲಾಪ್‌ಗೆ ಮುಂಚೆಯೇ ಕೆಳಗಿಟ್ಟಿದ್ದೇನೆ, ಯಾರಿಗೂ ತೋರಿಸದೆ. ತೋರಿಸಿದರೆ ಮುಂದಿನ ಕೈಗಳಲ್ಲಿ ನನ್ನ ಬ್ಲೈಂಡ್‌ಗಳನ್ನು ಎಲ್ಲರೂ ದೋಚಲು ಶುರು ಮಾಡುತ್ತಾರೆ. ಸ್ಥಾನ ಏರಿದಂತೆ ಬಹುಮಾನವೂ ಏರುವ ಸಾಮಾನ್ಯ ಟೂರ್ನಮೆಂಟ್‌ಗೆ ಈ ಲೆಕ್ಕವನ್ನು ಎಳೆದು ತರಬಾರದು. ಅಲ್ಲಿ ಬಹುಮಾನದ ಗಡಿಯ ಹತ್ತಿರ ರಾಣಿಯ, ಗುಲಾಮನ ಜೋಡಿಗಳನ್ನು ನಾನು ಎಷ್ಟೋ ಸಲ ಬಿಡುತ್ತೇನೆ, ಎಕ್ಕದ ಜೋಡಿಯನ್ನು ಬಿಡುವುದಿಲ್ಲ.